ಓದುಗರ ಪ್ರಶ್ನೆ: ಒಳ್ಳೇವ್ರು ಯಾಕೆ ನಿಲ್ಲಲ್ಲ?

ಪ್ರಶ್ನೆ: ಸಾರ್, ಮನಸ್ಸಲ್ಲಿ ಬೇಜಾರಿದ್ರೂ ಎಲ್ಲರ ಹತ್ರ ನಗ್ತಾ ಮಾತಾಡು ಅಂತ ದೊಡ್ಡೋರು ಹೇಳ್ತಾರೆ. ಒಳಗೊಂದು ಹೊರಗೊಂದು ಇಟ್ಕೊಳ್ಳೋದು ಮೋಸ ಅಲ್ವಾ?

ಉತ್ತರ: ಮೋಸ ಆಗ್ಬೇಕು ಅಂದ್ರೆ ಎದುರಿಗಿರೋರು ಏಮಾರಬೇಕು. "ಬನ್ನಿ ಬನ್ನಿ, ಕೂತ್ಕೊಳ್ಳಿ" ಅಂದಾಗ ಅದು ಎದೆಯಾಳದ ಪ್ರೀತಿ ಏನಲ್ಲ ಅಂತ ಹೇಳೋನಿಗೂ ಗೊತ್ತು, ಕೇಳೋನಿಗೂ ಗೊತ್ತು, ಆದ್ರೂ ಇಬ್ಬರಿಗೂ ಹಿತ ಅನ್ಸುತ್ತೆ. ಜರ್ಮನಿಯ ತತ್ವಜ್ಞಾನಿ ಕಾಂಟ್ ಗೊತ್ತಲ್ಲ, ಕೊಲೆಗಾರ ಬಾಗಿಲಿಗೆ ಬಂದು ಕೇಳಿದ್ರೂ ಸುಳ್ಳು ಹೇಳಕೂಡದು ಅಂತ 1797ರಲ್ಲಿ ವಾದ ಮಾಡಿದ ಮನುಷ್ಯ, ಅಂಥೋನೇ ಮರುವರ್ಷ ವಿನಯದ ಮಾತುಗಳ ಪರ ನಿಂತ. ಅವು ಚಿಲ್ಲರೆ ಕಾಸಿದ್ದ ಹಾಗೆ, ಬೆಲೆ ಕಮ್ಮಿ ಇರಬಹುದು, ಆದ್ರೆ ಚಲಾವಣೆ ಆಗ್ತಾ ಆಗ್ತಾ ನಿಜವಾದ ಒಳ್ಳೇತನ ಬೆಳೆಯುತ್ತೆ ಅನ್ನೋದು ಅವನ ವಾದದ ಸಾರ. ನಾನೂ ಅದನ್ನ ಒಪ್ತೀನಿ. ಕೆಲಸ ಆಗ್ಲಿ ಅಂತ ಹೊಗಳೋದು, ಬೆನ್ನ ಹಿಂದೆ ಬೈಯೋದು, ಅದು ಬೇರೇನೇ, ಅದನ್ನ ವಿನಯದ ಲೆಕ್ಕಕ್ಕೆ ಸೇರಿಸ್ಬೇಡಿ.

ಪ್ರಶ್ನೆ: ದಾರೀಲಿ ಒಬ್ಬರು ಸುಸ್ತಾಗಿ ಕುಸಿದು ಕೂತಿದ್ರು, ಜನ ಪಕ್ಕದಲ್ಲೇ ದಾಟ್ಕೊಂಡು ಹೋಗ್ತಿದ್ರು. ಮನುಷ್ಯತ್ವಾನೇ ಸತ್ತು ಹೋಯ್ತಾ?

ಉತ್ತರ: ನಿಮ್ಮ ಸಂಕಟ ಅರ್ಥ ಆಗುತ್ತೆ. ಆದ್ರೆ ಹಾಗೆ ದಾಟಿ ಹೋದವರೆಲ್ಲ ಕಲ್ಲು ಮನಸ್ಸಿನವರು ಅಂತ ತೀರ್ಮಾನ ಮಾಡೋಕೆ ಮುಂಚೆ ಈ ಕಥೆ ಕೇಳಿ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗೋಕೆ ಓದ್ತಿದ್ದ ವಿದ್ಯಾರ್ಥಿಗಳ ಮೇಲೆ ಡಾರ್ಲಿ ಮತ್ತು ಬ್ಯಾಟ್ಸನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ರು, 1973ರಲ್ಲಿ ಪ್ರಕಟ ಆಯ್ತು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಿ ಅಂತ ಕಳಿಸ್ತಿದ್ರು, ಅದ್ರಲ್ಲಿ ಕೆಲವರಿಗೆ ಕೊಟ್ಟಿದ್ದ ವಿಷಯ ಏನು ಗೊತ್ತಾ, ಬೈಬಲ್‌ನಲ್ಲಿ ದಾರೀಲಿ ಬಿದ್ದಿದ್ದ ಗಾಯಾಳುಗೆ ಅಪರಿಚಿತನೊಬ್ಬ ಉಪಚಾರ ಮಾಡೋ ಕಥೆ! ಹೋಗೋ ದಾರೀಲೇ ಒಬ್ಬ ತಲೆ ತಗ್ಗಿಸ್ಕೊಂಡು, ಕೆಮ್ತಾ ನರಳ್ತಾ ಬಾಗಿಲ ಹತ್ರ ಕುಸಿದು ಕೂತಿರೋ ಹಾಗೆ ಏರ್ಪಾಟು ಮಾಡಿದ್ರು. ಟೈಮಿದೆ, ನಿಧಾನಕ್ಕೆ ಹೋಗಿ ಅಂತ ಹೇಳಿಸ್ಕೊಂಡವರಲ್ಲಿ ನೂರಕ್ಕೆ 63 ಜನ ಏನಾದ್ರೂ ಸಹಾಯ ಮಾಡಿದ್ರು. ಲೇಟಾಯ್ತು ಬೇಗ ಓಡಿ ಅಂತ ಹೇಳಿಸ್ಕೊಂಡವರಲ್ಲಿ ಬರೀ 10. ಭಾಷಣದ ವಿಷಯ ಯಾವುದು ಅನ್ನೋದ್ರಿಂದ ಹೇಳಿಕೊಳ್ಳೋವಷ್ಟು ವ್ಯತ್ಯಾಸ ಆಗ್ಲಿಲ್ಲ. ಕರುಣೆ ಬಗ್ಗೆ ಏನು ಮಾತಾಡ್ಲಿ ಅಂತ ಮನಸ್ಸಲ್ಲೇ ಜೋಡಿಸ್ಕೊಂಡು ಹೋಗ್ತಾ ಇದ್ದೋರೇ ನರಳ್ತಾ ಇದ್ದೋನನ್ನ ದಾಟಿ ಹೋದ್ರು.

ಪ್ರಯೋಗದಲ್ಲಿ ಇದ್ದಿದ್ದು 40 ಜನ ಮಾತ್ರ, ಇಷ್ಟರಿಂದ ಇಡೀ ಮನುಕುಲಕ್ಕೆ ಷರಾ ಬರೆಯೋಕಾಗಲ್ಲ ನಿಜ. ಆದ್ರೆ ನನಗೆ ಇದು ತುಂಬಾ ಕಾಡುತ್ತೆ, ಯಾಕಂದ್ರೆ ಗುಣ ಅಂತ ನಾವು ಯಾವುದಕ್ಕೆ ಹೆಸರಿಡ್ತೀವೋ ಅದ್ರಲ್ಲಿ ಅರ್ಧ ಪಾಲು ಆ ಹೊತ್ತಿಗೆ ಕೈಲಿ ಎಷ್ಟು ಪುರುಸೊತ್ತು ಇತ್ತು ಅನ್ನೋದೇ ಇರಬಹುದು. ಹಾಗಂತ ದಾಟಿ ಹೋಗಿದ್ದು ಸರಿ ಅಂತಲ್ಲ. ಇಡೀ ದಿನ ಉಸಿರಾಡೋಕೂ ಬಿಡದ ಹಾಗೆ ಕೆಲಸ ತುಂಬ್ಕೊಂಡು, ಸಂಜೆ ಕೂತು ಸಮಾಜ ಕೆಟ್ಟೋಯ್ತು ಅಂತ ಕೊರಗೋದ್ರಲ್ಲಿ ಅರ್ಥ ಇಲ್ಲ ಅಂತಿದ್ದೀನಿ ಅಷ್ಟೇ. ಅಂದ ಹಾಗೆ ನೀವು ಹೋಗಿ ಮಾತಾಡಿಸಿದ್ರಾ? ಒಬ್ಬರು ನಿಂತ್ರೆ ಇನ್ನೊಬ್ಬರು ನಿಲ್ತಾರೆ, ಮೊದಲನೆಯವರು ನಿಲ್ಲೋದೇ ಕಷ್ಟ.

ಪ್ರಶ್ನೆ: ಮಾತಾಡ್ತಾ ಇರುವಾಗ ಮೊಬೈಲ್ ನೋಡೋರಿಗೆ ಏನು ಹೇಳ್ಬೇಕು?

ಉತ್ತರ: ಏನೂ ಹೇಳ್ಬೇಡಿ, ಮಾತು ನಿಲ್ಲಿಸಿ ಸುಮ್ಮನೆ ಕಾಯಿರಿ. 10 ಭಾಷೆಗಳ ಮಾತುಕತೆ ರೆಕಾರ್ಡ್ ಮಾಡಿ 2009ರಲ್ಲಿ ಪ್ರಕಟ ಮಾಡಿದ ಅಧ್ಯಯನ ಒಂದಿದೆ, ಹೌದು-ಅಲ್ಲ ಅನ್ನೋ ಥರದ ಪ್ರಶ್ನೆ ಕೇಳಿದ್ರೆ ಉತ್ತರ ಬರೋಕೆ ಸರಾಸರಿ ಸುಮಾರು 200 ಮಿಲಿಸೆಕೆಂಡ್, ಅಂದ್ರೆ ಸೆಕೆಂಡಿನ ಐದನೇ ಒಂದು ಭಾಗ. ನಾವೆಲ್ಲ ಅಷ್ಟು ಚುರುಕಾಗಿ ಒಬ್ಬರ ಮಾತಿಗೆ ಒಬ್ಬರು ಕಾಯ್ತಾ ಇರ್ತೀವಿ. ಹಾಗಿರುವಾಗ ಮೇಜಿನ ಮೇಲಿನ ಸ್ಕ್ರೀನ್ ಬೆಳಗಿ, ಎದುರಿಗಿದ್ದೋರ ಕಣ್ಣು ಅತ್ಲಾಗೆ ಜಾರಿ, ಎರಡು ಸೆಕೆಂಡ್ ಬಿಟ್ಟು "ಹೂಂ ಹೇಳಿ" ಅಂದ್ರೆ ಮನಸ್ಸಿಗೆ ಚುರುಕ್ ಅನ್ನದೆ ಇರುತ್ತಾ, ಅದು ನಿಮ್ಮ ಅತಿಸೂಕ್ಷ್ಮ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. ನೀವು ಸುಮ್ಮನಾದ್ರೆ ಬಹಳ ಜನ ತಾವಾಗೇ ಮೊಬೈಲ್ ಮಗುಚಿ ಇಡ್ತಾರೆ.

ಪ್ರಶ್ನೆ: ಹೊರಗಡೆಯವರಿಗೆಲ್ಲ ಥ್ಯಾಂಕ್ಸ್ ಹೇಳೋ ನಮ್ಮ ಯಜಮಾನ್ರು ಮನೇಲಿ ಒಂದು ಸಲಾನೂ ಹೇಳಲ್ಲ. ನಾನು ಬೇಜಾರು ಮಾಡ್ಕೊಳ್ಳೋದು ತಪ್ಪಾ?

ಉತ್ತರ: ತಪ್ಪಲ್ಲ ಅಮ್ಮಾ. ಆದ್ರೆ ಒಂದು ವಿಷಯ ತಿಳ್ಕೊಳ್ಳಿ, 5 ಖಂಡಗಳ 8 ಭಾಷೆಗಳಲ್ಲಿ ಆಪ್ತರ ನಡುವಿನ ಮಾತುಕತೆ ನೋಡಿದ 2018ರ ಅಧ್ಯಯನದಲ್ಲಿ, ಕೇಳಿದ್ದನ್ನ ಮಾಡಿಕೊಟ್ಟಾಗ ಥ್ಯಾಂಕ್ಸ್ ಬಂದಿದ್ದು ಹೆಚ್ಚುಕಮ್ಮಿ 20ಕ್ಕೆ ಒಂದು ಸಲ. ಸಹಾಯ ಮಾತ್ರ ಬಹುಪಾಲು ಸಿಕ್ಕೇ ಸಿಕ್ತು. ಅಂದ್ರೆ ಹತ್ತಿರದವರ ಹತ್ರ ಕೇಳೋದು ಹಕ್ಕು, ಕೊಡೋದು ಸಹಜ ಅಂತ ಜನ ನಡ್ಕೋತಾರೆ. ನೀರಿನ ಲೋಟ ಕೈಗೆ ಕೊಟ್ಟಿದ್ದಕ್ಕೆಲ್ಲ ಥ್ಯಾಂಕ್ಸ್ ಬರೋಕೆ ಶುರುವಾದ್ರೆ ನಿಮಗೇ ಪರಕೀಯ ಅನ್ಸಬಹುದು. ಆದ್ರೆ ದಿನಾ ಒಬ್ಬರ ತಲೆ ಮೇಲೇ ಬೀಳೋ, ಯಾರ ಕಣ್ಣಿಗೂ ಬೀಳದ ಕೆಲಸ ಇರುತ್ತಲ್ಲ, ನಡುರಾತ್ರಿ ಎದ್ದು ವಯಸ್ಸಾದವರಿಗೆ ಮಾತ್ರೆ ಕೊಡೋದು, ಮಗು ಅತ್ರೆ ಎತ್ಕೊಂಡು ಓಡಾಡೋದು, ಅಲ್ಲಿ ಸುಮ್ಮನಿರೋದು ಅನ್ಯಾಯ. ಅದನ್ನ ಅವರಿಗೆ ಬಾಯಿಬಿಟ್ಟು ಹೇಳಿ, ಅವರೇ ಅರ್ಥ ಮಾಡ್ಕೊಳ್ಳಲಿ ಅಂತ ವರ್ಷಗಟ್ಟಲೆ ಕಾಯಬೇಡಿ. ಥ್ಯಾಂಕ್ಸೇ ಬೇಕು ಅಂತಿಲ್ಲ, "ಇವತ್ತು ನೀನು ಮಲಕ್ಕೋ, ನಾನು ನೋಡ್ಕೋತೀನಿ" ಅಂತ ಅವರು ಎದ್ದು ಹೋದ್ರೂ ಆಯ್ತು.