ಮೋರ್ಚಾದೊಳಗೆ ದಿನ ಹೇಗೆ ಕಳೆಯುತ್ತಿತ್ತು?

ಪ್ರಶ್ನೆ: ಮೊದಲ ಮಹಾಯುದ್ಧದ ಪಾಠದಲ್ಲಿ ಫ್ರಾನ್ಸಿನ ಸೈನಿಕರು ನಾಲ್ಕು ವರ್ಷ ಕಂದಕದಲ್ಲಿದ್ದು ಕಾದಾಡಿದರು ಎಂದು ಒಂದೇ ಸಾಲಿದೆ. ದಿನಾಲೂ ಗುಂಡು ಹಾರಿಸುತ್ತಿದ್ದರೇ ಸರ್? ಊಟ, ನಿದ್ದೆ ಹೇಗೆ?
– ಬಿ.ಎ. ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ಇಲ್ಲವ್ವಾ, ದಿನಾಲೂ ಗುಂಡು ಹಾರಿಸುತ್ತಿರಲಿಲ್ಲ. ಒಂದೇ ಕಡೆ ಕೂತೂ ಇರಲಿಲ್ಲ. ಕೆಲವು ದಿನ ಮುಂದಿನ ಸಾಲು, ಕೆಲವು ದಿನ ಹಿಂದಿನ ಸಾಲು, ಆಮೇಲೆ ಯಾವುದೋ ಹಳ್ಳಿಯಲ್ಲಿ ವಿಶ್ರಾಂತಿ. ಹೀಗೆ ಸರದಿ ಇತ್ತು.

ಮೋರ್ಚಾದಲ್ಲಿ, ಅಂದರೆ ನೀವು ಹೇಳಿದ ಆ ಕಂದಕದಲ್ಲಿ, ಹಗಲೇ ರಾತ್ರಿ, ರಾತ್ರಿಯೇ ಹಗಲು. ಹಗಲಲ್ಲಿ ತಲೆ ಎತ್ತಿದರೆ ಎದುರಿನವನ ಗುಂಡು. ಅದಕ್ಕೇ ಪಹರೆಯವರನ್ನು ಬಿಟ್ಟು ಉಳಿದವರು ಮಣ್ಣಿನ ಗೋಡೆಗೆ ಒರಗಿ ನಿದ್ದೆ ತೆಗೆಯುತ್ತಿದ್ದರು, ಅಂಗಿ ಬಿಚ್ಚಿ ಹೇನು ಹೆಕ್ಕುತ್ತಿದ್ದರು. ಕತ್ತಲಾದ ಮೇಲೆ ನಿಜವಾದ ಕೆಲಸ. ಕುಸಿದ ಗೋಡೆ ಕಟ್ಟಬೇಕು, ಮುಳ್ಳುತಂತಿ ಸರಿಮಾಡಬೇಕು, ಕೆಸರು ಎತ್ತಿ ಹಾಕಬೇಕು. ಮಳೆಗಾಲದಲ್ಲಿ ನಮ್ಮ ಎರೆ ಹೊಲಕ್ಕೆ ಇಳಿದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ ಅಲ್ವಾ? ಅಂಥ ಕೆಸರಿನಲ್ಲಿ ಇಡೀ ಚಳಿಗಾಲ ನಿಂತವರು ಅವರು. ಜಾಸ್ತಿ ಜನ ರೈತರ ಮಕ್ಕಳೇ. ಗಡ್ಡ ಬೆಳೆದ ಅವರನ್ನು ಜನ 'ಪ್ವಾಲ್ಯು' ಎನ್ನುತ್ತಿದ್ದರು, ಅಂದರೆ ಕೂದಲಿನವ.

ಊಟದ ಬಗ್ಗೆ ಕೇಳಿದಿರಿ, ನನಗೆ ಖುಷಿಯಾಯಿತು. ಒಲೆ ಇರುತ್ತಿದ್ದದ್ದು ದೂರ, ಹಿಂದೆ. ಪ್ರತಿ ತುಕಡಿಯಿಂದ ಒಬ್ಬಿಬ್ಬರು ಕತ್ತಲಲ್ಲಿ ಹೋಗಿ ತರಬೇಕು. ದುಂಡನೆಯ ಬ್ರೆಡ್ಡುಗಳನ್ನು ಹಗ್ಗಕ್ಕೆ ಪೋಣಿಸಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಮೈ ಸುತ್ತ ಇಡೀ ತುಕಡಿಯ ವೈನಿನ ಬಾಟಲಿಗಳು, ಕೈಯಲ್ಲಿ ಸೂಪಿನ ಪಾತ್ರೆ. ಇಕ್ಕಟ್ಟಾದ ಕಾಲುವೆಯಂಥ ದಾರಿ, ಮೇಲಿಂದ ಶೆಲ್ಲು. ಬಿದ್ದು ಎದ್ದು ಬರುವಷ್ಟರಲ್ಲಿ ಸೂಪು ತಣ್ಣಗೆ, ಅದರಲ್ಲಿ ಮಣ್ಣು. ಎಷ್ಟೋ ರಾತ್ರಿ ಆ ಮನುಷ್ಯನೇ ಬರುತ್ತಿರಲಿಲ್ಲ. 1916ರಲ್ಲಿ ವರ್ಡನ್ ಕಾಳಗದಲ್ಲಿ ಹಸಿವಿಗಿಂತ ಬಾಯಾರಿಕೆಯೇ ಜಾಸ್ತಿ ಕಾಡಿತು, ಶೆಲ್ಲಿನ ಗುಂಡಿಯಲ್ಲಿ ನಿಂತ ನೀರನ್ನೂ ಕುಡಿದರು. ಯುದ್ಧದ ಪುಸ್ತಕಗಳಲ್ಲಿ ಸೇನಾಪತಿಗಳ ಹೆಸರು ತುಂಬಿವೆ. ನನಗೆ ಮಾತ್ರ ಈ ಬ್ರೆಡ್ಡು ಹೊತ್ತವನೇ ದೊಡ್ಡವನು.

ನಾನು ಬೈಲಹೊಂಗಲ ಕಡೆಯವನು, 22 ವರ್ಷ ಫೌಜಿನಲ್ಲಿದ್ದೆ. ಕಾಶ್ಮೀರದ ಒಂದು ಪೋಸ್ಟಿನಲ್ಲಿ ಹಿಮ ಬಿದ್ದು ದಾರಿ ಮುಚ್ಚಿದಾಗ ಹನ್ನೊಂದು ದಿನ ಕೆಳಗಿನಿಂದ ಏನೂ ಬರಲಿಲ್ಲ. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಆರು ಜನ ಚೂರು ಚೂರು ಹಂಚಿಕೊಂಡೆವು. ಹನ್ನೆರಡನೆಯ ದಿನ ಬೆನ್ನ ಮೇಲೆ ಮೂಟೆ ಹೊತ್ತು ಮೇಲೆ ಬಂದ ಹುಡುಗನ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ರಜೆ? ಫ್ರಾನ್ಸಿಗೆ ಯುದ್ಧ ಶುರುವಾದದ್ದು 1914ರ ಆಗಸ್ಟ್. ಸೈನಿಕರಿಗೆ ಸರದಿಯ ರಜೆ ಸಿಗತೊಡಗಿದ್ದು 1915ರ ಬೇಸಿಗೆಯಲ್ಲಿ, ಅದೂ ಕೆಲವೇ ದಿನ. 1917ರಲ್ಲಿ ಫ್ರೆಂಚ್ ಸೈನಿಕರು ಮುಂದಿನ ದಾಳಿಗೆ ಹೋಗಲು ಒಪ್ಪದೆ ತಿರುಗಿ ನಿಂತರಲ್ಲ, ಆಗ ಅವರು ಕೇಳಿದ್ದರಲ್ಲಿ ರಜೆಯೂ ಒಂದು. ನ್ಯಾಯವಾದ ಕೇಳಿಕೆ.

ಉಳಿದದ್ದು ಪತ್ರ. ಸೈನಿಕರ ಪತ್ರಕ್ಕೆ ಅಂಚೆಚೀಟಿ ಬೇಕಿರಲಿಲ್ಲ. ಊರಲ್ಲಿ ಹೆಂಡತಿಯರೇ ಒಕ್ಕಲುತನ ನೋಡಿಕೊಳ್ಳುತ್ತಿದ್ದರು. ಹಾಗಾಗಿ ಸೈನಿಕರು ಬಿತ್ತನೆ, ಸುಗ್ಗಿ, ದನಕರು ಅಂತಲೇ ಕೇಳಿ ಬರೆಯುತ್ತಿದ್ದರು. ನಾನೂ ಅದನ್ನೇ ಬರೆಯುತ್ತಿದ್ದೆ. ಜೋಳ ತೆನೆ ಹಿಡಿಯಿತಾ, ಎಮ್ಮೆ ಈಯಿತಾ ಅಂತ.