ದಾರದ ಡಬ್ಬಿ ಬೀರುವಿನ ಮೇಲೆ ಹೋದದ್ದೇಕೆ?

(ಆಪ್ತಸಲಹೆ ಪ್ರಕರಣ. ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಲಾಗಿದೆ.)

ಇವರನ್ನು ಸುಮಾ ಎಂದು ಕರೆಯೋಣ. ನಲವತ್ತು ದಾಟಿದ ವಯಸ್ಸು. ಹಾಸನದ ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಗಂಡನಿಗೆ ಖಾಸಗಿ ಕೆಲಸ, ಮಗಳು ದ್ವಿತೀಯ ಪಿಯುಸಿ, ಮನೆಯಲ್ಲಿ ಅತ್ತೆ ಇದ್ದಾರೆ. ಮೊದಲ ದಿನ ಅವರು ಹೇಳಿಕೊಂಡದ್ದೆಲ್ಲ ನಿದ್ದೆಯ ವಿಷಯ. ರಾತ್ರಿ ಹನ್ನೆರಡಾದರೂ ಕಣ್ಣು ಹತ್ತುವುದಿಲ್ಲ, ಬೆಳಗಿನ ಜಾವ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ, ಮಗಳ ಮೇಲೆ ಸುಮ್ಮಸುಮ್ಮನೆ ರೇಗಿಬಿಡುತ್ತೇನೆ ಎಂದರು. ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡುವಿನಲ್ಲಿ ಮಾಡ್ತಿದ್ದಿದ್ದೇ ಈಗ ಬೇಡ ಅನ್ನಿಸ್ತಿದೆ ಮೇಡಂ. ದಾರದ ಡಬ್ಬಿ ನೋಡಿದ್ರೆ ಹೊಟ್ಟೆ ತೊಳಸಿದ ಹಾಗಾಗುತ್ತೆ. ಬೀರು ಮೇಲೆ ಎತ್ತಿಟ್ಟಿದ್ದೀನಿ" ಎಂದರು.

ಅರಕಲಗೂಡಿನ ಕಡೆಯ ಹಳ್ಳಿಯಲ್ಲಿ ಬೆಳೆದವರು ಸುಮಾ. ಬೇಸಿಗೆ ರಜೆಯಲ್ಲಿ ದೊಡ್ಡಮ್ಮನ ಪಕ್ಕ ಕೂತು ಕ್ರೋಶಾ ಕಲಿತಿದ್ದರು. ಬಾಗಿಲಿಗೆ ಮಣಿ ತೋರಣ, ಟೀಪಾಯಿಗೆ ಹೊದಿಕೆ, ಪ್ಲಾಸ್ಟಿಕ್ ವೈರ್ ಬುಟ್ಟಿ, ಕೈಗೆ ಸಿಕ್ಕಿದ್ದರಲ್ಲಿ ಏನಾದರೂ ಹೆಣೆಯುವುದು ಅಭ್ಯಾಸ. ಮದುವೆಯಾಗಿ, ಕೆಲಸ ಸಿಕ್ಕಿ, ಮಗು ಆದ ಮೇಲೂ ಅದು ಬಿಟ್ಟಿರಲಿಲ್ಲ. ತಮ್ಮ ಸೀರೆಗಳಿಗೆ ತಾವೇ ಕುಚ್ಚು ಹಾಕಿಕೊಳ್ಳುತ್ತಿದ್ದರು.

ಸೀರೆ ಕುಚ್ಚು ಹೊರಗಿನಿಂದ ಕಾಣುವಷ್ಟು ಸುಲಭದ ಕೆಲಸವಲ್ಲ. ಸೆರಗಿನ ತುದಿಯಲ್ಲಿ ಅಡ್ಡ ಎಳೆಗಳನ್ನು ಬಿಡಿಸಿ ತೆಗೆದು, ಉಳಿದ ಉದ್ದ ಎಳೆಗಳನ್ನು ಒಂದೇ ಸಮ ಭಾಗ ಮಾಡಬೇಕು. ದಿಂಬಿಗೆ ಪಿನ್ನು ಚುಚ್ಚಿ ಸೆರಗನ್ನು ಬಿಗಿ ಹಿಡಿಸಿ, ಸೀರೆಯ ಬಣ್ಣಕ್ಕೆ ಒಪ್ಪುವ ರೇಷ್ಮೆ ದಾರದಲ್ಲಿ ಗಂಟು ಹಾಕುತ್ತಾ ಹೋಗಬೇಕು. ಕ್ರೋಶಾ ಕುಚ್ಚಾದರೆ ಸಣ್ಣ ಮೂತಿಯ ಕಡ್ಡಿ, ನಡುನಡುವೆ ಮಣಿ. ಒಂದು ಗಂಟು ಸಡಿಲವಾದರೂ ಇಡೀ ಸಾಲು ಓರೆಯಾಗಿ ಕಾಣುತ್ತದೆ. ಇದನ್ನೆಲ್ಲ ವಿವರಿಸುವಾಗ ಸುಮಾ ಅವರ ಬೆರಳುಗಳು ಮೇಜಿನ ಮೇಲೆ ಗಂಟು ಹಾಕುತ್ತಲೇ ಇದ್ದವು. ಬೇಡವಾಗಿರುವುದು ಕೈಕೆಲಸವೇ ಅಲ್ಲದಿರಬಹುದು ಎಂದು ನನಗೆ ಆಗ ಅನ್ನಿಸಿತು.

ಎರಡು ವರ್ಷದ ಹಿಂದೆ ಕಚೇರಿಯ ಸಹೋದ್ಯೋಗಿಯೊಬ್ಬರು ಇವರ ಸೆರಗು ಹಿಡಿದು ನೋಡಿ, "ಇಷ್ಟು ಚೆನ್ನಾಗಿ ಹಾಕ್ತೀರ, ದುಡ್ಡು ತಗೊಂಡು ಹಾಕಿಕೊಡಬಾರದಾ?" ಎಂದರಂತೆ. ಗಂಡನಿಗೂ ಅದು ಸರಿ ಅನ್ನಿಸಿತು. ಅವರೇ ವಾಟ್ಸಾಪ್ ಗುಂಪು ಮಾಡಿದರು, ಫೋಟೋ ತೆಗೆದು ಹಾಕಿದರು. ಶ್ರಾವಣ ಬರುವ ಹೊತ್ತಿಗೆ ಮಂಚದ ಪಕ್ಕ ಸೀರೆಗಳ ರಾಶಿ. ಸಾದಾ ಕುಚ್ಚಿಗೆ 200 ರೂಪಾಯಿ, ಮಣಿ ಹಾಕಿದ ಮದುವೆ ಸೀರೆಗೆ 1,200. ಆ ಹಣದಲ್ಲಿ ತಿಂಗಳಿಗೆ 5,000ದ ಚೀಟಿ ಕಟ್ಟತೊಡಗಿದರು. ಮಗಳ ಮುಂದಿನ ಓದಿಗೆ ಅಂತ. ಹಾಗಾಗಿ "ಬೇಡವಾದರೆ ಬಿಟ್ಟುಬಿಡಿ" ಎಂದು ನಾನು ಹೇಳಿದ್ದರೆ ಅದು ಸಲಹೆಯೇ ಆಗುತ್ತಿರಲಿಲ್ಲ.

ಆಮೇಲೆ ಒಂದು ಮದುವೆ ಸೀರೆ ವಾಪಸು ಬಂತು. ಬಣ್ಣ ಹೊಂದಲಿಲ್ಲ, ಬಿಚ್ಚಿ ಬೇರೆ ಹಾಕಿ ಎಂದರು ಗಿರಾಕಿ. ಬಣ್ಣ ಆರಿಸಿದ್ದು ಅವರೇ. ಸುಮಾ ಎರಡು ರಾತ್ರಿ ಕೂತು ಬಿಚ್ಚಿ ಮತ್ತೆ ಹಾಕಿಕೊಟ್ಟರು. ಡಬ್ಬಿ ಬೀರುವಿನ ಮೇಲೆ ಹೋದದ್ದು ಆ ವಾರ.

ಇಂಥ ಸಂದರ್ಭದಲ್ಲಿ ನಾನು ಮೊದಲು ಮಾಡುವುದು ದೇಹದ ತಪಾಸಣೆಗೆ ಕಳಿಸುವುದು. ಥೈರಾಯ್ಡ್ ಏರುಪೇರು, ರಕ್ತಹೀನತೆ, ಮುಟ್ಟು ನಿಲ್ಲುವ ಮುಂಚಿನ ಬದಲಾವಣೆ, ಇವೆಲ್ಲ ಬೇಸರದ ವೇಷದಲ್ಲಿ ಬರುತ್ತವೆ. ರಕ್ತ ಪರೀಕ್ಷೆ ಸರಿಯಾಗಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಜೋಮು ಮಾತ್ರ ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವುದರಿಂದ ಎಂದು ವೈದ್ಯರು ಹೇಳಿ, ರಾತ್ರಿ ಕಟ್ಟಿಕೊಳ್ಳಲು ಪಟ್ಟಿ ಕೊಟ್ಟರು. ಗಂಟೆಗಟ್ಟಲೆ ಮಣಿಕಟ್ಟು ಬಗ್ಗಿಸಿ ಕೆಲಸ ಮಾಡಿದರೆ ಈ ತೊಂದರೆ ಹೆಚ್ಚುತ್ತದೆ.

ಖಿನ್ನತೆಯನ್ನೂ ನೋಡಬೇಕಿತ್ತು. ಪ್ರೀತಿಯ ಹವ್ಯಾಸ ಬೇಡವಾಗುವುದು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಒಂದು. ಆದರೆ ಅಲ್ಲಿ ಒಂದೇ ವಸ್ತು ಬೇಡವಾಗುವುದಿಲ್ಲ. ಊಟ, ಮಾತು, ಮಕ್ಕಳು, ಹಬ್ಬ, ಎಲ್ಲದರ ರುಚಿಯೂ ಹೋಗುತ್ತದೆ. ಎರಡು ವಾರಕ್ಕೂ ಮೀರಿ, ಹೆಚ್ಚುಕಡಿಮೆ ದಿನವಿಡೀ ಹಾಗೇ ಇದ್ದರೆ, ಅದರಲ್ಲೂ ಬದುಕೇ ಬೇಡ ಅನ್ನಿಸಿದರೆ, ಹವ್ಯಾಸದ ಸಲಹೆ ಪಕ್ಕಕ್ಕಿಟ್ಟು ಮನೋವೈದ್ಯರ ಬಳಿ ಹೋಗಲೇಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಸುಮಾ ಅವರಲ್ಲಿ ಹಾಗಿರಲಿಲ್ಲ. ಮಗಳ ಜತೆ ಸಂಜೆ ಮಹಾರಾಜ ಪಾರ್ಕ್‌ಗೆ ಹೋಗಿ ಬಂದರೆ ಹಗುರಾಗುತ್ತಿದ್ದರು. ಬೇಡವಾಗಿದ್ದು ದಾರ ಒಂದೇ.

ಖುಷಿಗೆ ಮಾಡುತ್ತಿದ್ದ ಕೆಲಸಕ್ಕೆ ಪ್ರತಿಫಲ ಸೇರಿಕೊಂಡರೆ ಏನಾಗುತ್ತದೆ ಎಂಬ ಬಗ್ಗೆ 1973ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬ ಉಪಯೋಗಕ್ಕೆ ಬಂದಿದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಶಿಶುವಿಹಾರದಲ್ಲಿ ತಾವಾಗಿಯೇ ಚಿತ್ರ ಬಿಡಿಸುತ್ತಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ "ಚಿತ್ರ ಬರೆದರೆ ಬಹುಮಾನ" ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಬರೆದ ಮೇಲೆ, ಹೇಳದೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನ ಬಿಟ್ಟು ನೋಡಿದಾಗ, ಬಹುಮಾನದ ಆಸೆ ಹುಟ್ಟಿಸಿದ್ದ ಮಕ್ಕಳು ಉಳಿದವರು ಚಿತ್ರಕ್ಕೆ ಕೊಟ್ಟ ಸಮಯದ ಸುಮಾರು ಅರ್ಧದಷ್ಟನ್ನೇ ಕೊಟ್ಟರು. ಹೇಳದೆ ಬಹುಮಾನ ಪಡೆದವರ ಆಸಕ್ತಿ ಮಾತ್ರ ಕುಗ್ಗಿರಲಿಲ್ಲ.

ಇದನ್ನು ಸುಮಾ ಅವರಿಗೆ ಹೇಳಿ, ಆರ್ಡರ್ ಕೆಲಸ ಮತ್ತು ಸ್ವಂತ ಕೆಲಸ ಎರಡನ್ನೂ ಬೇರೆ ಮಾಡೋಣ ಎಂದೆ. ಆರ್ಡರ್ ಸೀರೆಗಳಿಗೆ ಬೇರೆ ಡಬ್ಬಿ, ಬೇರೆ ಜಾಗ. ಮಲಗುವ ಕೋಣೆಗೆ ಅವು ಬರಬಾರದು. ಸ್ವಂತದ್ದಕ್ಕೆ ವಾರದಲ್ಲಿ ಎರಡು ಸಂಜೆ, ಮುಕ್ಕಾಲು ಗಂಟೆ. ಅದಕ್ಕೆ ಗಡುವಿಲ್ಲ, ಬೆಲೆಯಿಲ್ಲ, ಫೋಟೋ ತೆಗೆಯುವಂತಿಲ್ಲ, ಯಾರಿಗೂ ಉಡುಗೊರೆಯಾಗಿ ಕೊಡುವಂತೆಯೂ ಇಲ್ಲ. ಸಾಧ್ಯವಾದರೆ ದಾರ ಬಿಟ್ಟು ಬೇರೇನಾದರೂ, ಬರದೇ ಇರುವುದು. "ಬರದೇ ಇರೋದರಲ್ಲಿ ಖುಷಿ ಹೇಗೆ?" ಎಂದು ಕೇಳಿದರು. ಅದಕ್ಕೆ ಇನ್ನೊಂದು ಅಧ್ಯಯನದ ಮಾತು ಹೇಳಿದೆ. 2016ರಲ್ಲಿ ಅಮೆರಿಕದ ಸಂಶೋಧಕಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ವಯಸ್ಕರಿಗೆ ಬಣ್ಣ, ಜೇಡಿಮಣ್ಣು, ಕಾಗದ ಕೊಟ್ಟು 45 ನಿಮಿಷ ಇಷ್ಟ ಬಂದದ್ದು ಮಾಡಿ ಎಂದರು. ಸುಮಾರು ಮುಕ್ಕಾಲು ಪಾಲು ಜನರ ಎಂಜಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಳಿದಿತ್ತು. ಕಲೆಯ ಅನುಭವ ಇದ್ದವರು, ಇಲ್ಲದವರು ಎಂಬ ಭೇದ ಅದರಲ್ಲಿ ಕಾಣಲಿಲ್ಲ. ಸಣ್ಣ ಅಧ್ಯಯನ, ನಿಜ. ಆದರೆ ಕೈಗೆ ನೆಮ್ಮದಿ ಸಿಗಲು ಕೈ ಪಳಗಿರಲೇಬೇಕಿಲ್ಲ ಎನ್ನುವಷ್ಟನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಸುಮಾ ಪೆನ್ಸಿಲ್ ಚಿತ್ರ ಆರಿಸಿಕೊಂಡರು. ಮಗಳ ಹಳೇ ಡ್ರಾಯಿಂಗ್ ಪುಸ್ತಕದಲ್ಲಿ ಅರ್ಧ ಹಾಳೆಗಳು ಖಾಲಿ ಇದ್ದವು.

ಮೊದಲ ವಾರ ಒಂದು ಗೆರೆಯೂ ಎಳೆಯಲಿಲ್ಲ. "ಕೂತ್ಕೊಂಡ್ರೆ ಆ ಹೊತ್ತಲ್ಲಿ ಅರ್ಧ ಸೀರೆ ಮುಗೀತಿತ್ತಲ್ಲ ಅಂತ ಲೆಕ್ಕ ಓಡುತ್ತೆ ಮೇಡಂ. ಅತ್ತೆ ಬೇರೆ, ಏನಮ್ಮಾ ಕೆಲಸ ಇಲ್ವಾ ಅಂತ ಕೇಳ್ತಾರೆ." ಹೆಂಗಸರ ಬಿಡುವಿಗೆ ನಮ್ಮ ಮನೆಗಳಲ್ಲಿ ಸದಾ ಒಂದು ಕಾರಣ ತೋರಿಸಬೇಕು. ಮಗುವಿನ ಸ್ವೆಟರ್ ಆದರೆ ಸರಿ, ದೇವರ ಮುಂದಿನ ರಂಗೋಲಿ ಆದರೆ ಸರಿ, ನಾಲ್ಕು ಕಾಸು ಬಂದರೆ ಇನ್ನೂ ಸರಿ. ಸುಮ್ಮನೆ ಗೀಚುತ್ತಾ ಕೂತರೆ ಸರಿಯಲ್ಲ. ಇದು ನನ್ನನ್ನು ತುಂಬ ಕಾಡುವ ವಿಷಯ, ವಾರಕ್ಕೊಮ್ಮೆಯಾದರೂ ಯಾರ ಬಾಯಿಂದಲೋ ಕೇಳುತ್ತೇನೆ. ಅತ್ತೆ ಸಂಜೆ ಹೊತ್ತು ಏನು ಮಾಡುತ್ತಾರೆ ಎಂದು ಕೇಳಿದೆ. ಟಿವಿ ಮುಂದೆ ಹೂಬತ್ತಿ ಹೊಸೆಯುತ್ತಾರಂತೆ, ಎರಡು ವರ್ಷಕ್ಕಾಗುವಷ್ಟು ಆಗಲೇ ಡಬ್ಬಿಯಲ್ಲಿದೆಯಂತೆ. ಹಾಗಾದರೆ ಅವರ ಪಕ್ಕದಲ್ಲೇ ಕೂತು ಬರೆಯಿರಿ ಎಂದೆ. ಅದು ಕೆಲಸ ಮಾಡಿತು. ಎರಡು ಕೈಗಳು ಒಂದೇ ಕೋಣೆಯಲ್ಲಿ ಆಡುತ್ತಿದ್ದರೆ ಪ್ರಶ್ನೆಗಳು ತಾವಾಗಿ ಕಡಿಮೆಯಾಗುತ್ತವೆ.

ಮುಂದಿನ ತಿಂಗಳು ಮಗಳ ಜತೆ ಬೇಲೂರಿಗೆ ಹೋಗಿ ಬಂದರು. ಅಲ್ಲಿನ ಗುಡಿಯ ಮದನಿಕೆ ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರು ಇರುವುದನ್ನು ಗೈಡ್ ತೋರಿಸಿದರಂತೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬಂದವರೇ ನನಗೊಂದು ಪ್ರಶ್ನೆ ಇಟ್ಟರು: "ವಿಷ್ಣುವರ್ಧನ ಕಟ್ಟಿಸಿದ ದೇವಸ್ಥಾನ ಅಂದ್ರೆ ಅವರೂ ಆರ್ಡರ್‌ಗೇ ಮಾಡಿದ್ದು ತಾನೇ ಮೇಡಂ? ದುಡ್ಡಿಗೆ ಮಾಡಿದ್ರೆ ಖುಷಿ ಹೋಗುತ್ತೆ ಅಂದ್ರೆ, ಅಷ್ಟು ಚೆನ್ನಾಗಿ ಹೇಗೆ ಬಂತು? ಹೆಸರು ಯಾಕೆ ಹಾಕ್ಕೊಂಡ್ರು?"

ಈ ಪ್ರಶ್ನೆಯ ಮೇಲೆ ಆ ಭೇಟಿ ಇಡೀ ಮಾತಾಡಿದೆವು. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯ ಶಿಲ್ಪಿಯ ಮನಸ್ಸಿನಲ್ಲಿ ಏನಿತ್ತೋ ನಾವು ಊಹಿಸಲಾರೆವು. ಆದರೆ ತನ್ನದೆಂದು ಹೆಸರು ಕೊರೆದಿದ್ದಾನೆ, ಅದು ಕಣ್ಣೆದುರಿಗಿದೆ. ಸುಮಾ ಅವರಿಗೆ ಹಣ ಬಂದದ್ದು ನೋವಾಗಿರಲಿಲ್ಲ, ತಮ್ಮದು ಎನ್ನುವುದು ಹೋದದ್ದು ನೋವಾಗಿತ್ತು. ವಿನ್ಯಾಸ ಫೋನಿನಲ್ಲಿ ಬರುವ ಫೋಟೋದ್ದು, ಬಣ್ಣ ಗಿರಾಕಿಯದು, ಗಡುವು ಮದುವೆ ಮನೆಯದು, ಒಪ್ಪಿಕೊಳ್ಳುವುದು ಗಂಡನದು. ಉಳಿದದ್ದು ಬೆರಳು ಮಾತ್ರ.

ಆರ್ಡರ್ ಕೆಲಸಕ್ಕೆ ಹೊಸ ನಿಯಮ ಮಾಡಿದ್ದು ಇಲ್ಲಿಂದ. ಇದಕ್ಕೆ ಗಂಡನನ್ನೂ ಕರೆಸಿದೆ. ಒಳ್ಳೆಯ ಮನುಷ್ಯ. "ಇವಳ ಕೈಕೆಲಸ ನಾಲ್ಕು ಜನ ನೋಡಲಿ ಅಂತ ಗ್ರೂಪ್ ಮಾಡಿದೆ" ಎಂದರು, ಅದು ನಿಜವೇ. ಮೂವರೂ ಕೂತು ಲೆಕ್ಕ ಹಾಕಿದೆವು. ಮದುವೆ ಸೀರೆಯ 1,200ರಲ್ಲಿ ದಾರ, ಮಣಿಗೆ 250 ಹೋದರೆ ಉಳಿಯುವುದು 950. ತಗಲುವುದು ಸುಮಾರು 14 ಗಂಟೆ. ಗಂಟೆಗೆ 70 ರೂಪಾಯಿಯೂ ಬೀಳುವುದಿಲ್ಲ. ಇದನ್ನು ಅವರಿಬ್ಬರೂ ಯಾವತ್ತೂ ಭಾಗಿಸಿ ನೋಡಿರಲಿಲ್ಲ. ಗಂಡ ತಾವೇ ಬೆಲೆ ಏರಿಸುವ ಮಾತೆತ್ತಿದರು. ಆರ್ಡರ್ ಒಪ್ಪುವುದು, ಬಿಡುವುದು ಸುಮಾ ಒಬ್ಬರದೇ ತೀರ್ಮಾನ. ವಾರಕ್ಕೆ ಎರಡೇ ಸೀರೆ. ಬಣ್ಣ, ವಿನ್ಯಾಸವನ್ನು ಗಿರಾಕಿ ಸುಮಾ ತೋರಿಸಿದ್ದರಲ್ಲೇ ಆರಿಸಬೇಕು, ಒಪ್ಪಿದ ಮೇಲೆ ಬಿಚ್ಚುವುದಿಲ್ಲ. ಈಗಿನ ಚೀಟಿ ಮುಗಿಯುವವರೆಗೆ ಕಡಿಮೆ ಬಿದ್ದದ್ದನ್ನು ಗಂಡನ ಸಂಬಳದಿಂದ ತುಂಬುವುದು, ಇದೇ ಆದಾಯ ನಂಬಿ ಹೊಸ ಚೀಟಿ ಹಾಕದಿರುವುದು.

ಗಿರಾಕಿಗಳಲ್ಲಿ ಕೆಲವರು ಹೋದರು. ಉಳಿದವರು "ನಿಮಗೆ ಚೆಂದ ಕಂಡಿದ್ದು ಹಾಕಿ" ಎನ್ನತೊಡಗಿದ್ದಾರಂತೆ. ಗಂಡ ಹಳೇ ಅಭ್ಯಾಸದಲ್ಲಿ ಎರಡು ಸಲ ಕೇಳದೆ ಆರ್ಡರ್ ಒಪ್ಪಿಕೊಂಡರು. ಎರಡನ್ನೂ ಸುಮಾ ತಾವೇ ಫೋನ್ ಮಾಡಿ ಬೇಡವೆಂದರು. ಅದರಲ್ಲಿ ಒಂದು ಗಂಡನ ತಂಗಿಯ ಮನೆಯದು, ಸ್ವಲ್ಪ ಮುನಿಸು ಈಗಲೂ ಇದೆ. ಜೋಮು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ನಿದ್ದೆ ಹನ್ನೊಂದರೊಳಗೆ ಬರುತ್ತಿದೆ. ಡ್ರಾಯಿಂಗ್ ಪುಸ್ತಕವನ್ನು ನನಗೂ ತೋರಿಸುವುದಿಲ್ಲ, ನಾನೂ ಕೇಳುವುದಿಲ್ಲ. ನಿಯಮ ನಿಯಮವೇ.

ಇನ್ನು ಮುಂದಿರುವುದು ಆಶ್ವೀಜ. ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಹಾಸನಾಂಬೆ ಗುಡಿಯ ಬಾಗಿಲು ತೆರೆದರೆ ಬಲಿಪಾಡ್ಯಮಿ ಕಳೆಯುವವರೆಗೂ ಊರೆಲ್ಲ ನೆಂಟರು, ಹಬ್ಬದ ಸೀರೆಗಳ ಒತ್ತಡವೂ ಆಗಲೇ. ಆ ಹದಿನೈದು ದಿನಕ್ಕೆ ಆರ್ಡರ್ ಇಲ್ಲ ಎಂದು ಗುಂಪಿನಲ್ಲಿ ಈಗಲೇ ಹಾಕಲು ಒಪ್ಪಿದ್ದಾರೆ. ಸಂದೇಶದ ಒಕ್ಕಣೆಯನ್ನು ನನ್ನ ಎದುರೇ ಬರೆದರು. ಮೊದಲು "ದಯವಿಟ್ಟು ಕ್ಷಮಿಸಿ" ಎಂದಿತ್ತು, ಆಮೇಲೆ ತಾವೇ ಅದನ್ನು ಅಳಿಸಿ, "ಹಬ್ಬ ಮುಗಿದ ಮೇಲೆ ತಗೊಳ್ತೀನಿ" ಎಂದಷ್ಟೇ ಉಳಿಸಿ ಕಳಿಸಿದರು.