ಬೆಲ್‌ಫಾಸ್ಟ್‌ಗೆ ಹೊರಟ ತಂಗಿಗೆ

ನರ್ಸ್ ಕೆಲಸಕ್ಕೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ಗೆ ಬರುತ್ತಿದ್ದೇನೆ, ಮಗುವೂ ಜೊತೆಗಿರುತ್ತದೆ, ಗಲಾಟೆಯ ಊರಂತೆ, ಬದುಕೋಕೆ ಆಗುತ್ತಾ ಅಕ್ಕಾ ಎಂದು ಕೇಳಿದ್ದೀಯ. ಆಗುತ್ತೆ ತಂಗಿ. ಆದರೆ ಸುಮ್ನೆ ಧೈರ್ಯ ಹೇಳುವುದಿಲ್ಲ. 2024ರ ಆಗಸ್ಟ್‌ನಲ್ಲಿ ಇಲ್ಲಿ ವಲಸೆ ಬಂದವರ ಅಂಗಡಿಗಳಿಗೆ ಬೆಂಕಿ ಇಟ್ಟರು. ಬಾಡಿಗೆ ಕಡಿಮೆ ಎಂದು ಮನೆ ಒಪ್ಪಿಕೊಳ್ಳಬೇಡ. ಬೀದಿ ಹೇಗಿದೆ ಎಂದು ವಾರ್ಡಿನ ನರ್ಸ್‌ಗಳನ್ನು ಮೊದಲು ಕೇಳು.

ಮನೆ ಸಿಕ್ಕ ಮೇಲೆ ಹತ್ತಿರದ ವಿಮೆನ್ಸ್ ಸೆಂಟರ್ ಎಲ್ಲಿದೆ ನೋಡಿಕೋ. ಸಮಾಜಸೇವೆಯ ಆಫೀಸು ಅಷ್ಟೇ ಅಂದುಕೊಳ್ಳಬೇಡ. ಕ್ಯಾಥೊಲಿಕರ ಫಾಲ್ಸ್ ರೋಡ್, ಪ್ರೊಟೆಸ್ಟಂಟರ ಶಾಂಕಿಲ್ ರೋಡ್, ನಡುವೆ ಎತ್ತರದ ಗೋಡೆ. ಕೆಲವು ಗೇಟುಗಳಿಗೆ ಈಗಲೂ ರಾತ್ರಿ ಬೀಗ. ಎರಡೂ ಕಡೆ ಹೆಂಗಸರ ಕೇಂದ್ರಗಳಿವೆ. ಸುಮಾರು 1990ರಲ್ಲಿ ನಗರಸಭೆ ಫಾಲ್ಸ್ ಕೇಂದ್ರದ ಅನುದಾನ ನಿಲ್ಲಿಸಿದಾಗ ಅವರ ಪರ ನಿಂತವರು ಗೋಡೆಯಾಚೆಯ ಶಾಂಕಿಲ್ ಹೆಂಗಸರು! ಎರಡೂ ಕಡೆಯವರ ನಡುವೆ ಕೊಲೆ, ಬಾಂಬು ನಡೆಯುತ್ತಿದ್ದ ಆಗಿನ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ತಮ್ಮ ಬೀದಿಯವರ ಬೈಗುಳ ಗ್ಯಾರಂಟಿ.

ಅದಕ್ಕೂ ಮುಂಚೆ, 1970ರ ಜುಲೈನಲ್ಲಿ, ಬ್ರಿಟಿಷ್ ಸೈನ್ಯ ಫಾಲ್ಸ್‌ನ ಬೀದಿಗಳಿಗೆ ಕರ್ಫ್ಯೂ ಹಾಕಿತ್ತು. ಮನೆಗಳಲ್ಲಿ ಹಾಲು, ಬ್ರೆಡ್ಡು ಖಾಲಿ. ಪಕ್ಕದ ಏರಿಯಾದ ಹೆಂಗಸರು ಮಕ್ಕಳ ತಳ್ಳುಗಾಡಿಯಲ್ಲಿ ಬ್ರೆಡ್ಡು, ಹಾಲು ತುಂಬಿಕೊಂಡು ಸಾಲಾಗಿ ಬಂದು, ಸೈನಿಕರನ್ನು ತಳ್ಳಿಕೊಂಡೇ ಒಳಗೆ ನುಗ್ಗಿದರು. ಕರ್ಫ್ಯೂ ಅಲ್ಲಿಗೆ ಮುಗಿಯಿತು.

1996ರಲ್ಲಿ ಶಾಂತಿ ಮಾತುಕತೆಗೆ ಚುನಾವಣೆ ನಡೆದಾಗ ಹೆಂಗಸರು ಎರಡೂ ಕಡೆಯವರನ್ನು ಸೇರಿಸಿ ಕೆಲವೇ ವಾರಗಳಲ್ಲಿ ಪಕ್ಷ ಕಟ್ಟಿದರು. ಮೋನಿಕಾ ಮ್ಯಾಕ್‌ವಿಲಿಯಮ್ಸ್, ಪರ್ಲ್ ಸಾಗರ್ ಗೆದ್ದು ಮಾತುಕತೆಗೆ ಹೋದರು. ಅವರು ಮಾತಾಡಲು ಎದ್ದರೆ ಕೆಲವು ಗಂಡಸರು ಹಸುವಿನ ಹಾಗೆ ಅಂಬಾ ಅನ್ನುತ್ತಿದ್ದರಂತೆ. ಇವರೋ, ಬಂದ ಬೈಗುಳವನ್ನೆಲ್ಲ ಬೋರ್ಡಿಗೆ ಹಾಕಿ ನಕ್ಕರು. 1998ರ ಶಾಂತಿ ಒಪ್ಪಂದದಲ್ಲಿ ನೊಂದವರಿಗೆ ನೆರವು, ಎರಡೂ ಧರ್ಮದ ಮಕ್ಕಳು ಒಟ್ಟಿಗೆ ಕಲಿಯುವ ಶಾಲೆ ಸೇರಿದ್ದು ಇವರ ಹಟದಿಂದ. ನಮ್ಮಲ್ಲೂ ಕೋಮುಗಲಭೆಯಾದಾಗ ಶಾಂತಿ ಸಭೆಯ ವೇದಿಕೆಯಲ್ಲಿ ಎಷ್ಟು ಹೆಂಗಸರಿರುತ್ತಾರೆ, ಯೋಚಿಸು.

ನಿನಗೆ ಇದರಿಂದೇನು ಅಂತೀಯಾ? ಕೋರ್ಟು, ಪೊಲೀಸ್ ಎರಡನ್ನೂ ನಂಬದೆ ಬದುಕಿದ ಬೀದಿಗಳಿವು. ಜಗಳ, ಗಂಡನ ಹೊಡೆತ, ಬೆದರಿಕೆ, ಏನಿದ್ದರೂ ಹೆಂಗಸರು ಮೊದಲು ಹೋಗಿ ಕೂರುತ್ತಿದ್ದದ್ದು ಇಂಥ ಕೇಂದ್ರಗಳಲ್ಲೇ. ಈಗಲೂ ಅಲ್ಲಿ ಮಗುವನ್ನು ನೋಡಿಕೊಳ್ಳುತ್ತಾರೆ, ಕ್ಲಾಸುಗಳಿವೆ. ಚಹಾ ಕೊಡುತ್ತಾರೆ, ನಮ್ಮ ಬಾಯಿಗೆ ಸಪ್ಪೆ. ನೀನು ಯಾವ ಕಡೆಯವಳು ಎಂದು ಕೇಳುವುದಿಲ್ಲ. ನೀನೂ ಅವರನ್ನು ಕೇಳಬೇಡ. ಏನಾದರೂ ಆದರೆ ಪೊಲೀಸರಿಗೆ ಫೋನ್ ಮಾಡು, ಇವರಿಗೂ ಹೇಳು.

ಮನೆ ಅಡ್ರೆಸ್ ಸಿಕ್ಕ ಕೂಡಲೇ ಬರೆ, ಹತ್ತಿರದ ಕೇಂದ್ರ ಯಾವುದೆಂದು ಹೇಳುತ್ತೇನೆ. ಮಗುವಿನ ರೈನ್‌ಕೋಟ್ ಮಾತ್ರ ಊರಲ್ಲಿ ಕೊಳ್ಳಬೇಡ. ಇಲ್ಲಿನ ಮಳೆ ಅಡ್ಡಡ್ಡ ಬೀಳುತ್ತೆ.